ಅಮ್ಮನಿಗೆ ಹೇಳಬೇಡ

ಆ ಗುರುವಾರ ನಮ್ಮ ಮನೆಯಲ್ಲಿ ಹೀರೇಕಾಯಿ ಸಾರು. ಹೀರೇಕಾಯಿಯ ಸಿಪ್ಪೆಯನ್ನೂ ಎಸೆಯದೆ ಚಟ್ನಿ ಮಾಡುವವಳು ನನ್ನ ಹೆಂಡತಿ ಮಂಜುಳಾ. ಸತ್ವವೆಲ್ಲ ಸಿಪ್ಪೆಯಲ್ಲೇ ಇರುತ್ತದೆ ಎಂಬುದು ಅವಳ ವಾದ, ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ನನ್ನ ದೂರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ತೀರ್ಮಾನವಾಗದೆ ಉಳಿದಿದ್ದ ಕೆಲವೇ ವ್ಯಾಜ್ಯಗಳಲ್ಲಿ ಅದೂ ಒಂದು. ಅವತ್ತು ಬೆಳಿಗ್ಗೆಯಿಂದ ಅವಳಿಗೆ ತಲೆನೋವು. ಹಣೆಗೆ ಬಟ್ಟೆ ಬಿಗಿದುಕೊಂಡೇ ಅಡುಗೆ ಮುಗಿಸಿದಳು. ನಾನು ಶಾಲಾ ವ್ಯಾನು ಓಡಿಸುವವನು. ನಮ್ಮೂರು ಸಿಂಗಾಪುರದ ಲೇಔಟುಗಳಿಂದ ಯಲಹಂಕದ ಕಡೆಯ ಒಂದು ಶಾಲೆಗೆ ಹನ್ನೆರಡು ಮಕ್ಕಳನ್ನು ಬೆಳಿಗ್ಗೆ ಬಿಟ್ಟು, ಸಂಜೆ ಅವರವರ ಗೇಟಿಗೆ ಮುಟ್ಟಿಸುವುದು ನನ್ನ ಕೆಲಸ. ಅವತ್ತು ಸಂಜೆ ಕೊನೆಯ ಮಗುವನ್ನು ಇಳಿಸಿ ಬರುವಾಗ ಮೆಡಿಕಲ್ ಶಾಪಿನ ಮುಂದೆ ವ್ಯಾನು ನಿಲ್ಲಿಸಲು ಜಾಗ ಸಿಗಲಿಲ್ಲ. ಹಿಂದಿನ ಎರಡು ದಿನವೂ ಸಿಕ್ಕಿರಲಿಲ್ಲ. ನಾಳೆ ಬಂದರಾಯಿತು ಎಂದುಕೊಂಡು ನೇರ ಮನೆಗೆ ಬಂದೆ.

ನಮ್ಮ ಒಬ್ಬಳೇ ಮಗಳು ಹರ್ಷಿತಾ ಆಗ ಎರಡನೇ ಪಿಯುಸಿ. ಅವಳು ಕಾಲೇಜಿನಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಫಿಸಿಕ್ಸಿನಲ್ಲಿ ಎಪ್ಪತ್ತಕ್ಕೆ ಹತ್ತೊಂಬತ್ತು ಬಂದಿದೆ ಎಂದು ಅಮ್ಮನಿಗೆ ಹೇಳಿದಳು. ಮಂಜುಳಾ, ಮುಂದಿನ ಸಲ ನೋಡೋಣ ಬಿಡು, ಕೈಕಾಲು ತೊಳೆದುಕೊಂಡು ಬಾ ಎಂದಳು. ಅಷ್ಟೇ. ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ನಾನು ಮಗಳನ್ನು ನಡುಮನೆಗೆ ಕರೆದು, ಮೆಲ್ಲಗೆ, ಮೆಲ್ಲಗಿದ್ದರೆ ಇನ್ನೂ ಚೆನ್ನಾಗಿ ನಾಟುತ್ತದೆ ಎಂದು ತಿಳಿದವನಂತೆ ಕೇಳಿದೆ: “ಇವತ್ತೇ ಹೇಳ್ಬೇಕಿತ್ತಾ? ಬೆಳಿಗ್ಗೆಯಿಂದ ತಲೆನೋವು ಅಂತಿದಾಳೆ. ಅಮ್ಮಂಗೆ ಹೇಳ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?”

ಮರುದಿನ ಬೆಳಿಗ್ಗೆ ಆರಕ್ಕೆ ಮಂಜುಳಾ ಬಚ್ಚಲಿನ ಬಾಗಿಲಲ್ಲಿ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಅವಳಿಗೆ ನಲವತ್ತೆರಡು ವರ್ಷ. ಇನ್ನೂ ಉಸಿರಿದ್ದಾಗ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರು ಬಂದು, ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರಾ ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಇಷ್ಟನ್ನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಕ್ಕೆ ಕ್ಷಮಿಸಿ. ನಾನು ಓದಿದ್ದು ಪಿಯುಸಿವರೆಗೆ, ಅದರಲ್ಲೂ ಎರಡನೇ ಯತ್ನದಲ್ಲಿ. ಬರೆಯುವ ಚಾಳಿ ಬಂದದ್ದು ವ್ಯಾನಿನಲ್ಲಿ ಕಾಯುತ್ತ ಕೂತು. ಶಾಲೆ ಬಿಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ ಮರದ ನೆರಳು ಹಿಡಿಯದಿದ್ದರೆ ವ್ಯಾನು ಕಾದ ಕಾವಲಿಯಾಗುತ್ತದೆ, ಹೀಗಾಗಿ ದಿನವೂ ಮುಕ್ಕಾಲು ಗಂಟೆ ಪತ್ರಿಕೆಯನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದುವ ಭಾಗ್ಯ ನನ್ನದು. ಹದಿಹರೆಯದವರ ಆತಂಕಕ್ಕೆ ಕಾರಣವಾಗುವ ದಿನನಿತ್ಯದ ಅಭ್ಯಾಸಗಳು ಎಂಬ ಲೇಖನಗಳು ಅದರಲ್ಲಿ ಆಗಾಗ ಬರುತ್ತವೆ, ನೀವೂ ಓದಿರುತ್ತೀರಿ. ಮೊಬೈಲು ನೋಡುವುದು, ತಡವಾಗಿ ಮಲಗುವುದು, ತಿಂಡಿ ಬಿಡುವುದು, ಕಾಫಿ ಜಾಸ್ತಿ ಕುಡಿಯುವುದು, ಬಿಸಿಲಿಗೆ ಬರದೆ ಕೋಣೆಯಲ್ಲೇ ಇರುವುದು. ಅಂಥದ್ದೊಂದನ್ನು ನಾನು ಕತ್ತರಿಸಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಮಗಳು ಹಾಲು ತೆಗೆಯಲು ಬಂದಾಗಲೆಲ್ಲ ಅವಳ ದೋಷಗಳು ಅವಳ ಕಣ್ಣಿಗೆ ಬೀಳಲಿ ಎಂಬ ಒಳ್ಳೆಯ ಉದ್ದೇಶ. ಆ ಪಟ್ಟಿಯಲ್ಲಿದ್ದವೆಲ್ಲ ಮಕ್ಕಳ ಅಭ್ಯಾಸಗಳು. ಅಪ್ಪನ ಅಭ್ಯಾಸ ಒಂದೂ ಇರಲಿಲ್ಲ. ಇದ್ದಿದ್ದರೆ ಪ್ರಾಯಶಃ ನಾನು ಕತ್ತರಿಸಿ ತರುತ್ತಿರಲಿಲ್ಲ.

ಅಮ್ಮನಿಗೆ ಹೇಳಬೇಡ ಎನ್ನುವುದು ನನ್ನ ಅಭ್ಯಾಸ. ಅದನ್ನು ನಾನು ಹುಟ್ಟುಹಾಕಿದ್ದಲ್ಲ, ಮನೆತನದಿಂದ ಬಂದದ್ದು. ನನಗೆ ಹನ್ನೆರಡು ವರ್ಷವಿದ್ದಾಗ ಸಿಂಗಾಪುರದ ನಮ್ಮ ಹೊಲ ಲೇಔಟಿಗೆ ಹೋಯಿತು. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಎದೆ ದುರ್ಬಲ, ತಿಳಿದರೆ ತಡೆಯಲಾರಳು ಎಂದು ಮನೆಯವರೆಲ್ಲ ಸೇರಿ ಅವಳಿಂದ ಮುಚ್ಚಿಟ್ಟರು. ಸೈಟುಗಳಲ್ಲಿ ಕೊಳವೆಬಾವಿ ಕೊರೆಯುವ ಸದ್ದು ಕೇಳಿ ಏನದು ಎಂದು ಅಜ್ಜಿ ಕೇಳಿದರೆ, ಪಕ್ಕದವರು ತೋಟಕ್ಕೆ ನೀರು ಮಾಡಿಕೊಳ್ಳುತ್ತಿದ್ದಾರೆ ಎಂದು ಹೇಳುವ ಕೆಲಸ ನನ್ನದು. ಅಂಗಡಿಯಿಂದ ತಂದ ರಾಗಿಯನ್ನು ನಮ್ಮ ಹೊಲದ್ದೇ ಎಂದು ಅವಳಿಗೆ ತೋರಿಸಿ ಬೀಸಿಸುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅಜ್ಜಿ ತಟ್ಟೆಯಲ್ಲಿದ್ದ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, “ಇದು ನಮ್ಮೊಲದ್ದಲ್ಲ ಕಣ್ಲಾ” ಎಂದಳು. ಆಮೇಲೆ ಸಾಯುವತನಕ ಹೊಲದ ಮಾತು ಎತ್ತಲಿಲ್ಲ. ಅವಳ ಎದೆ ಒಡೆಯಲಿಲ್ಲ ನಿಜ. ಆದರೆ ಆ ಎರಡು ವರ್ಷ ಶಾಲೆಯಿಂದ ಮನೆಗೆ ಬರುವಾಗ, ಅಜ್ಜಿ ಇವತ್ತೇನು ಕೇಳುತ್ತಾಳೋ ಎಂದು ನನ್ನ ಹೊಟ್ಟೆಯೊಳಗೆ ಏನೋ ತಿರುಗುತ್ತಿತ್ತು. ಅದಕ್ಕೆ ಆಗ ಆತಂಕ ಎಂಬ ಹೆಸರಿರಲಿಲ್ಲ. ಜಂತುಹುಳು ಎಂದು ನಮ್ಮಮ್ಮ ಬೇವಿನ ಕಷಾಯ ಕುಡಿಸಿದ್ದಳು.

ಮಂಜುಳಾಗೆ ಮೂವತ್ತಾರಕ್ಕೇ ಬಿಪಿ ಬಂತು. ಆಗಾಗ ನೋಡಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ತೋಳಿಗೆ ಪಟ್ಟಿ ಸುತ್ತುವ ಮೆಷಿನ್ನು ಮನೆಗೆ ಬಂತು. ಬರೆದಿಡುವುದೆಲ್ಲಿ? ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ನಮ್ಮಂಥವರ ಮನೆಯಲ್ಲಿ ತಾರೀಖಿನ ಚೌಕಗಳೇ ಸಂಸಾರದ ಚರಿತ್ರೆ; ಗ್ಯಾಸ್ ಬಂದ ದಿನ, ಹಾಲು ಬಾರದ ದಿನ, ವ್ಯಾನಿಗೆ ಆಯಿಲ್ ಹಾಕಿಸಿದ ದಿನ, ರಾಹುಕಾಲದ ಪಕ್ಕದಲ್ಲೇ ಬಿಪಿ. ಮೇಲಿನ ಸಂಖ್ಯೆ ನೂರ ಮೂವತ್ತಿದ್ದರೆ ಮನೆಯಲ್ಲಿ ಶಾಂತಿ, ನೂರ ಐವತ್ತು ದಾಟಿದರೆ ವಿಚಾರಣೆ, ಆ ವಿಚಾರಣೆಯ ನ್ಯಾಯಾಧೀಶ ನಾನು. ಮಗಳು ತಡವಾಗಿ ಬಂದಳು, ಅಮ್ಮ ಗದರಿದಳು ಎನ್ನಿ, ನಾನು ಎದ್ದು ಹೋಗಿ ಮೆಷಿನ್ನು ತಂದು ಹೆಂಡತಿಯ ತೋಳಿಗೆ ಸುತ್ತುತ್ತಿದ್ದೆ. ಅದು ಗುರ್ರೆಂದು ಗಾಳಿ ತುಂಬಿಕೊಂಡು, ನಿಟ್ಟುಸಿರು ಬಿಟ್ಟು, ಸಂಖ್ಯೆ ತೋರಿಸುವವರೆಗೆ ಮೂವರ ಕಣ್ಣೂ ಅದರ ಮೇಲೆ.

“ನೂರ ಅರವತ್ತೆರಡು. ನೋಡಿದ್ಯಾ? ಈಗ ಸಮಾಧಾನ ಆಯ್ತಾ ನಿಂಗೆ?” ಎಂದು ಮಗಳನ್ನು ಕೇಳುತ್ತಿದ್ದೆ.

“ಅಯ್ಯೋ ಬಿಡ್ರೀ, ಈಗ ತಾನೇ ಮಹಡಿಯಿಂದ ಬಟ್ಟೆ ತಂದೆ, ಅದಕ್ಕೇ ಏರಿರುತ್ತೆ” ಎಂದು ಮಂಜುಳಾ ಪಟ್ಟಿ ಬಿಚ್ಚಿಕೊಳ್ಳುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ಸಾಕ್ಷಿ ಕೈಯಲ್ಲಿರುವಾಗ ಯಾರು ಬಿಡುತ್ತಾರೆ?

ಇದರಲ್ಲಿ ಕ್ರೌರ್ಯವಿದೆ ಎಂದು ನನಗೆ ಆಗ ಹೊಳೆದಿರಲಿಲ್ಲ. ನಾನು ಮಗಳ ಮೇಲೆ ಕೈ ಮಾಡಿದವನಲ್ಲ, ದನಿ ಎತ್ತಿದವನೂ ಅಲ್ಲ. ಬೇರೆ ಅಪ್ಪಂದಿರಂತೆ ಪಕ್ಕದ ಮನೆಯ ಹುಡುಗಿಯೊಂದಿಗೆ ಹೋಲಿಸಿದವನಲ್ಲ. ಬರೇ ಒಂದು ಸಂಖ್ಯೆಯನ್ನು ಓದಿ ಹೇಳುತ್ತಿದ್ದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಟಿ. ದಾಸರಹಳ್ಳಿಯಿಂದ ನನ್ನ ಅಕ್ಕ ಬಂದಿದ್ದಳು. ಅಕ್ಕನದು ಒಳ್ಳೆಯ ಮನಸ್ಸು, ಬಾಯಿ ಮಾತ್ರ ಅಳ್ಳಕ. ಎಲೆ ಎತ್ತಿದ ಮೇಲೆ ಗೋಡೆಗೆ ಒರಗಿ ಕೂತು, ಜನ ತುಂಬಿದ ನಡುಮನೆಯಲ್ಲಿ, “ಈಗಿನ್ ಮಕ್ಳು ಎತ್ತೋರ್ ಜೀವ ಇಂಡ್ಬಿಡ್ತವೆ ಕಣಪ್ಪ. ಮಗಳ ಓದಿನ್ ಚಿಂತೇನೇ ಮನ್ಸಿಗ್ ಅಚ್ಕಂಡಿದ್ಲು ನಮ್ ಮಂಜುಳಾ” ಎಂದಳು. ಹರ್ಷಿತಾ ನೀರಿನ ಲೋಟಗಳನ್ನು ಎತ್ತುತ್ತಿದ್ದಳು. ಎಂಟೋ ಹತ್ತೋ ಲೋಟ, ಒಂದರೊಳಗೊಂದು ಸೇರಿಸಿ ಸದ್ದಾಗದಂತೆ ಒಳಗೆ ಒಯ್ದಳು. ಹಾಗಲ್ಲಕ್ಕ, ಮಾತ್ರೆ ಮುಗಿದು ಮೂರು ದಿನವಾಗಿತ್ತು, ತರಬೇಕಾದವನು ತರಲಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಬಾಯಿಗೆ ಅಡಿಕೆ ಹಾಕಿಕೊಂಡೆ.

ಆಮೇಲೆ ಮಗಳು ಬಹಳ ಒಳ್ಳೆಯವಳಾದಳು. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಏಳುತ್ತಿದ್ದಳು. ಮೊಬೈಲನ್ನು ಕೇಳದೆಯೇ ಟೀವಿಯ ಮೇಲೆ ಇಟ್ಟು ಓದಲು ಕೂರುತ್ತಿದ್ದಳು. ಫ್ರಿಜ್ಜಿನ ಬಾಗಿಲ ಪಟ್ಟಿಯಲ್ಲಿದ್ದ ದುರಭ್ಯಾಸ ಒಂದೂ ಅವಳಲ್ಲಿ ಉಳಿಯಲಿಲ್ಲ. ಕಾಲೇಜು ಹೇಗಿತ್ತು ಎಂದರೆ ಚೆನ್ನಾಗಿತ್ತು, ಊಟ ಮಾಡಿದೆಯಾ ಎಂದರೆ ಮಾಡಿದೆ, ಏನಾದರೂ ತೊಂದರೆಯಾ ಎಂದರೆ ಏನಿಲ್ಲ. ಊಟದ ಡಬ್ಬಿ ಮಾತ್ರ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು. ನಾನು ಮಧ್ಯಾಹ್ನ ಸೋಫಾದ ಮೇಲೆ ಅಡ್ಡಾದರೆ ಪುಸ್ತಕ ಹಿಡಿದು ಎದುರಿಗೆ ಬಂದು ಕೂರುತ್ತಿದ್ದಳು. ಒಂದು ಸಲ ಕಣ್ಣು ಬಿಟ್ಟಾಗ ಅವಳು ಪುಸ್ತಕ ನೋಡುತ್ತಿರಲಿಲ್ಲ, ನನ್ನ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು.

ನವೆಂಬರಿನಲ್ಲಿ ಒಂದು ಸಂಜೆ ವ್ಯಾನಿನ ಹಿಂದಿನ ಸೀಟಿನಲ್ಲಿ ಒಂಬತ್ತನೇ ಕ್ಲಾಸಿನ ಮೂವರು ಮಾತಾಡಿಕೊಳ್ಳುತ್ತಿದ್ದರು. ಟೆಸ್ಟಿನ ಪೇಪರು ಕೊಟ್ಟಿದ್ದರೆಂದು ಕಾಣುತ್ತದೆ.

“ಮಚ್ಚಾ, ಮನೇಲಿ ಹೇಳ್ತೀಯಾ ಇದನ್ನ?”

“ಹುಚ್ಚಾ ನಿಂಗೆ? ನಮ್ಮಮ್ಮಂಗೆ ಮೈಗ್ರೇನ್ ಕಣೋ.”

“ನಮ್ಮಪ್ಪಂಗೆ ಶುಗರ್ರು, ತಾತಂಗೆ ಸ್ಟೆಂಟು. ನಮ್ಮನೇಲಿ ಯಾರಿಗೂ ಏನೂ ಹೇಳಂಗಿಲ್ಲ ಗುರು.” ಹೀಗೆಂದವನು ಕಿಟಕಿ ಪಕ್ಕದ ಹುಡುಗಿಯ ಕಡೆ ತಿರುಗಿದ. “ನಿಮ್ಮನೇಲಿ ಯಾರಿಗೇನೇ?”

“ಯಾರಿಗೂ ಏನಿಲ್ಲ. ಎಲ್ರೂ ಚೆನ್ನಾಗಿದಾರೆ.”

“ಲಕ್ಕಿ ಕಣೇ ನೀನು. ಏನ್ ಬೇಕಾದ್ರೂ ಹೇಳ್ಬೋದು.”

ಮೂವರೂ ನಕ್ಕರು. ನಾನೂ ನಕ್ಕೆ. ನಕ್ಕು ಮುಗಿಯುವ ಮೊದಲೇ ಕಣ್ಣು ತಲೆಯ ಮೇಲಿನ ಕನ್ನಡಿಗೆ ಹೋಯಿತು. ಇಷ್ಟು ವರ್ಷ ಆ ಕನ್ನಡಿಯಲ್ಲಿ ಈ ಮಕ್ಕಳನ್ನು ನೋಡಿದ್ದೇನೆ. ಮನೆ ಹತ್ತಿರವಾದಂತೆ ಮಾತು ನಿಲ್ಲಿಸುತ್ತವೆ, ಕೂದಲು ಸರಿಮಾಡಿಕೊಳ್ಳುತ್ತವೆ, ತುಟಿಯಲ್ಲೇ ಏನನ್ನೋ ಒಪ್ಪಿಸಿಕೊಳ್ಳುತ್ತವೆ. ಗೇಟಿನಲ್ಲಿ ಅಮ್ಮ ನಿಂತಿದ್ದರೆ ಮೊದಲು ಅವಳ ಮುಖ ನೋಡಿ, ಆಮೇಲೆ ಯಾವ ಮುಖ ಹಾಕಿಕೊಳ್ಳಬೇಕೆಂದು ನಿರ್ಧರಿಸುತ್ತವೆ. ಅದು ಸ್ಕೂಲಿನ ದಣಿವು ಎಂದುಕೊಂಡಿದ್ದೆ. ಮನೆಯೆಂಬ ಮನೆಯಲ್ಲಿ ಒಬ್ಬರ ಕಾಯಿಲೆಯನ್ನು ತಮ್ಮ ನಾಲಿಗೆಯ ಮೇಲೆ ಹೊತ್ತು ಒಳಗೆ ಹೋಗುವ ಮಕ್ಕಳವು. ಅಮ್ಮನ ತಲೆನೋವು ಹೆಚ್ಚಾದರೆ, ಅಪ್ಪನ ಸಕ್ಕರೆ ಏರಿದರೆ, ಅದಕ್ಕೆ ಕಾರಣ ತಾವು ಆಡಿದ ಮಾತು ಎಂದು ನಂಬಿ ಬೆಳೆಯುವವು. ನಾವು ಹಾಗೆ ನಂಬಿಸಿದ್ದೇವೆ.

ಜನವರಿ ಒಂದಕ್ಕೆ ದಿನಸಿ ಅಂಗಡಿಯವರು ಕೊಟ್ಟ ಹೊಸ ಕ್ಯಾಲೆಂಡರು ಹಾಕಲೆಂದು ಹಳೆಯದನ್ನು ಮೊಳೆಯಿಂದ ತೆಗೆದೆ. ಆಗಸ್ಟಿನಿಂದಾಚೆ ಅದರ ಹಾಳೆಯನ್ನು ಯಾರೂ ಮಗುಚಿರಲಿಲ್ಲ. ಓದುವ ಕನ್ನಡಕ ಮೂಗಿನ ಮೇಲಿತ್ತು, ಅದೊಂದು ಆಕಸ್ಮಿಕ. ಬಿಪಿ ಬರೆಯುವಾಗ ನಾನು ಅದನ್ನು ಹಾಕಿಕೊಳ್ಳುತ್ತಿದ್ದವನಲ್ಲ. ನಾನು ನೀಲಿ ಪೆನ್ನಿನಲ್ಲಿ ಬರೆದ ಸಂಖ್ಯೆಗಳ ಕೆಳಗೆ ಸಣ್ಣ ಪೆನ್ಸಿಲ್ ಅಕ್ಷರ ಕಂಡಿತು. ನೂರ ಐವತ್ತೆಂಟರ ಕೆಳಗೆ ‘ಫೋನ್’. ನೂರ ಅರವತ್ತೆರಡರ ಕೆಳಗೆ ‘ಲೇಟ್’. ನೂರ ಐವತ್ತನಾಲ್ಕರ ಕೆಳಗೆ ‘ಕೆಮಿಸ್ಟ್ರಿ’. ಇನ್ನೊಂದು ಕಡೆ ‘ಊಟ ಬೇಡ ಅಂದೆ’. ಕಡಿಮೆ ಸಂಖ್ಯೆಗಳಿದ್ದ ದಿನಗಳನ್ನೂ ಬಿಟ್ಟಿರಲಿಲ್ಲ. ನೂರ ಮೂವತ್ತರ ಕೆಳಗೆ, ನೂರ ಇಪ್ಪತ್ತೆಂಟರ ಕೆಳಗೆ, ಮತ್ತೆ ಮತ್ತೆ ಅದೇ ಮಾತು: ‘ಏನೂ ಹೇಳಲಿಲ್ಲ’.

ಹರ್ಷಿತಾ ವಿಜ್ಞಾನದ ವಿದ್ಯಾರ್ಥಿನಿ. ಲ್ಯಾಬಿನಲ್ಲಿ ಹೇಳಿಕೊಟ್ಟ ಹಾಗೆ, ಒಂದನ್ನು ಬದಲಾಯಿಸಿ ಇನ್ನೊಂದು ಏನಾಗುತ್ತದೆ ಎಂದು ನೋಡಿದ್ದಳು. ಜೂನ್, ಜುಲೈ, ಆಗಸ್ಟ್. ಮಾತಾಡಿದರೆ ಏರುತ್ತದೆ, ಸುಮ್ಮನಿದ್ದರೆ ಇಳಿಯುತ್ತದೆ. ಆ ಗುರುವಾರದ ಚೌಕದಲ್ಲಿ ನನ್ನ ಸಂಖ್ಯೆ ಇರಲಿಲ್ಲ. ಮೆಷಿನ್ನಿನ ಸೆಲ್ಲನ್ನು ಹಿಂದಿನ ದಿನ ಟೀವಿಯ ರಿಮೋಟಿಗೆ ಹಾಕಿಕೊಂಡಿದ್ದೆ. ಖಾಲಿ ಚೌಕದಲ್ಲಿ ಪೆನ್ಸಿಲಿನ ಒಂದೇ ಪದ: ‘ಹೇಳಿದೆ’.

ಇದನ್ನು ಮಂಜುಳಾ ನೋಡಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ದಿನವೂ ಆ ಗೋಡೆಯ ಎದುರೇ ನಿಂತು ತರಕಾರಿ ಹೆಚ್ಚುತ್ತಿದ್ದವಳು. ನೋಡಿದ್ದರೆ ನನಗೆ ಹೇಳಿರುತ್ತಿದ್ದಳೇ? ನನಗೂ ಹೇಳಬಾರದ ಸಂಗತಿಗಳು ಇದ್ದವೇನೋ.

ಅದೇ ತಿಂಗಳು ಕಾಲೇಜಿನಿಂದ ಒಬ್ಬರು ಮೇಡಂ ಫೋನು ಮಾಡಿದರು. ಪ್ರಿಪರೇಟರಿ ಪರೀಕ್ಷೆಯಲ್ಲಿ ಹರ್ಷಿತಾಳ ಕೈ ನಡುಗಿ ಪೆನ್ನು ಹಿಡಿಯಲಾಗದೆ ಹೊರಗೆ ಬಂದಳಂತೆ, ಉಸಿರು ಸಿಗುತ್ತಿಲ್ಲ ಎಂದಳಂತೆ. ಮನೆಗೆ ತಿಳಿಸಬೇಡಿ, ಅಪ್ಪ ಒಬ್ಬರೇ ಇರುತ್ತಾರೆ ಎಂದು ಬೇಡಿಕೊಂಡಳಂತೆ. ಮೇಡಂ ಬೇಡಿಕೆಯನ್ನು ಕೇಳದೆ ತಿಳಿಸಿದರು. ಅವರಿಗೆ ನಾನು ಋಣಿ. ಆರ್.ಟಿ. ನಗರದಲ್ಲಿ ಇಂಥ ಮಕ್ಕಳನ್ನು ನೋಡುವ ಡಾಕ್ಟರೊಬ್ಬರ ಹೆಸರನ್ನೂ ಅವರೇ ಕೊಟ್ಟರು.

ಶನಿವಾರ ಮಧ್ಯಾಹ್ನ ಶಾಲೆಯ ಮಕ್ಕಳನ್ನು ಬಿಟ್ಟು ಬಂದು, ಅದೇ ವ್ಯಾನಿನಲ್ಲಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಹೆಬ್ಬಾಳದಲ್ಲಿ ಎಂದಿನಂತೆ ಎಲ್ಲವೂ ನಿಂತಿತ್ತು. ಹೆಬ್ಬಾಳದ ಟ್ರಾಫಿಕ್ ಜಾಮನ್ನು ನಾನು ಇಡೀ ಬದುಕಿನಲ್ಲಿ ಉಪಕಾರ ಎಂದು ಅಂದುಕೊಂಡದ್ದು ಆ ಒಂದು ದಿನ ಮಾತ್ರ. ಇಬ್ಬರೂ ಮುಂದಕ್ಕೆ ನೋಡುತ್ತ ಕೂರಬಹುದು, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಎಂಜಿನ್ ಆಫ್ ಮಾಡಿದೆ.

“ಹರ್ಷೀ, ಕ್ಯಾಲೆಂಡರ್ ನೋಡ್ದೆ” ಎಂದೆ. “ನೀನು ಹೇಳಿದ್ದಕ್ಕೆ ಆಗಿದ್ದಲ್ಲ ಕಣಮ್ಮ ಅದು. ಅಮ್ಮನ ಮಾತ್ರೆ ಖಾಲಿಯಾಗಿ ಮೂರು ದಿನ ಆಗಿತ್ತು. ತರ್ಬೇಕಾಗಿದ್ದು ನಾನು. ತರ್ಲಿಲ್ಲ. ಆಸ್ಪತ್ರೆಲಿ ಕೇಳ್ದಾಗ ಸುಳ್ಳು ಹೇಳ್ದೆ.”

ಮುಂದಿನ ಬಸ್ಸು ಒಂದು ಮಾರು ಸರಿದು ಮತ್ತೆ ನಿಂತಿತು. ಹಿಂದಿನವನು ಹಾರನ್ನು ಒತ್ತಿದ. ನಾನು ವ್ಯಾನು ಸರಿಸಲಿಲ್ಲ.

“ಗೊತ್ತಿತ್ತು ಅಪ್ಪಾ” ಎಂದಳು.

ಮಾತ್ರೆಯ ಖಾಲಿ ಪಟ್ಟಿಯನ್ನು ಅವಳು ಮಂಗಳವಾರವೇ ಔಷಧದ ಡಬ್ಬದಲ್ಲಿ ನೋಡಿದ್ದಳು. ಅಪ್ಪ ತರುತ್ತಾರೆ ಎಂದು ಅಮ್ಮ ಅಂದದ್ದನ್ನೂ ಕೇಳಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ನಾನು ಹೂಂ ಎಂದದ್ದು ಅವಳ ಕಿವಿಯ ಪಕ್ಕದಲ್ಲೇ ಆಗಿತ್ತು. ಎಲ್ಲವೂ ಗೊತ್ತಿದ್ದೂ, ಅಮ್ಮನ ಸಾವಿನ ಎರಡು ಕಾರಣಗಳಲ್ಲಿ ತನ್ನದನ್ನು ಮಾತ್ರ ತನಗೆಂದು ಇಟ್ಟುಕೊಂಡು ಐದು ತಿಂಗಳು ನನಗೆ ಅನ್ನ ಬಡಿಸಿದ್ದಳು.

“ಮತ್ತೆ ಯಾಕಮ್ಮ ನನ್ನ ಕೇಳ್ಲಿಲ್ಲ?”

“ಕೇಳಿ ನಿಂಗೂ ಏನಾದ್ರೂ ಆಗ್ಬಿಟ್ರೆ?”

ಅವಳು ಅದನ್ನು ಅಳುತ್ತ ಹೇಳಲಿಲ್ಲ. ಬಸ್ಸಿನ ನಂಬರು ಓದುವವಳ ಹಾಗೆ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನಂಗೆ ಏನೂ ಆಗಲ್ಲ ಎಂದು ಹೇಳಲು ಹೋದೆ. ಅದೂ ಒಂದು ಸುಳ್ಳೇ ಆಗುತ್ತದೆ ಎನಿಸಿ, ಏನಾದರೂ ಆದರೂ ಅದು ನಿನ್ನ ಮಾತಿನಿಂದ ಆಗಲ್ಲ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ, ನನ್ನ ಸಮಾಧಾನಕ್ಕೆ ಆಡಿಸಿದಳೋ ತಿಳಿಯಲಿಲ್ಲ.

ಆರ್.ಟಿ. ನಗರದ ಡಾಕ್ಟರು ಅವಳನ್ನು ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನೂ ಕೂರಿಸಿಕೊಂಡು, ಸಿಟ್ಟಿಗೋ ಗಾಬರಿಗೋ ಏರಿದ ಬಿಪಿ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ, ವರ್ಷಗಟ್ಟಲೆ ಇರುವ ಬಿಪಿಯ ಕಥೆಯೇ ಬೇರೆ ಎಂದು ಅವಳಿಗೆ ಅರ್ಥವಾಗುವಂತೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮಾತ್ರೆ ತಪ್ಪಿದ್ದೊಂದೇ ಕಾರಣ ಎಂದೂ ಖಂಡಿತವಾಗಿ ಹೇಳಲಾಗದು ಎಂದರು. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಿದರು. ಒಳ್ಳೆಯವರು. ನನಗೆ ಆ ರಿಯಾಯಿತಿ ಬೇಕಾಗಿರಲಿಲ್ಲ, ಆದರೂ ಇಸಿದುಕೊಂಡೆ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೇವೆ. ಪರೀಕ್ಷೆ ಬರೆದಳು, ಪಾಸಾದಳು, ಈಗ ಡಿಗ್ರಿಗೆ ಸೇರಿದ್ದಾಳೆ. ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತುಹಾಕಿದ್ದೇನೆ. ಅಂಟು ಮಾತ್ರ ಹೋಗಿಲ್ಲ. ಅಕ್ಕನಿಗೆ ಫೋನು ಮಾಡಿ ಮಾತ್ರೆಯ ವಿಷಯ ಹೇಳಿದೆ. ಅವಳು, ಮಗೀನ ಕೇಳ್ದೆ ಅಂತ ಹೇಳು ಎಂದಳು. ಡಬ್ಬಿ ಈಗ ಖಾಲಿಯಾಗಿ ಬರುತ್ತದೆ, ಕೈ ನಡುಗುವುದು ಕಡಿಮೆಯಾಗಿದೆ. ಕಾಲೇಜಿನಲ್ಲಿ ಯಾರೋ ಏನೋ ಅಂದದ್ದನ್ನು, ಬಸ್ಸು ತಪ್ಪಿದ್ದನ್ನು ಹೇಳುತ್ತಾಳೆ. ಹೇಳುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ.

ಡಾಕ್ಟರು ಇದಕ್ಕೆಲ್ಲ ಸಮಯ ಬೇಕು ಎನ್ನುತ್ತಾರೆ. ನಾನು ಕಾಯುವುದರಲ್ಲಿ ಪಳಗಿದವನು, ಕಾಯುತ್ತೇನೆ. ಈ ಒಂದು ವರ್ಷದಲ್ಲಿ ಅವಳು ನನ್ನನ್ನು ಕ್ಷಮಿಸಿರಬಹುದು ಎಂದು ಕೆಲವರು ಹೇಳುತ್ತಾರೆ. ಕ್ಷಮಿಸಬೇಕಾದರೆ ಮೊದಲು ಸಿಟ್ಟು ಬರಬೇಕು. ಮಾತ್ರೆ ಯಾಕೆ ತರಲಿಲ್ಲ ಅಪ್ಪಾ ಎಂದು ಹದಿನೆಂಟು ವರ್ಷದ ಹುಡುಗಿ ಒಂದು ಸಲ ನನ್ನ ಮೇಲೆ ಕೂಗಾಡಬೇಕಿತ್ತು. ಇನ್ನೂ ಕೂಗಾಡಿಲ್ಲ.